ಬಸ್ಸಿನಲ್ಲಿ ದಾಳಿಗೆ ಹೋದ ದಫೇದಾರರು

ದಫೇದಾರರ ಎರಡು ಕೆನ್ನೆಗಳ ಮೇಲೂ ಕಬ್ಬಿನ ಗರಿ ಕೊಯ್ದ ಗೀರುಗಳು ಯಾವಾಗಲೂ ಇರುತ್ತಿದ್ದವು. ಹಳೆಯವು ಬಿಳಿ ಗೆರೆಗಳಾಗಿ ಉಳಿದಿದ್ದವು, ಹೊಸವು ಕೆಂಪಗೆ ಉರಿಯುತ್ತಿದ್ದವು. ಪೊಲೀಸರನ್ನು ಕಂಡ ಕೂಡಲೇ ಇಸ್ಪೀಟು ಆಡುವವರು ನುಗ್ಗುವುದು ಕಬ್ಬಿನ ಗದ್ದೆಗೇ. ಉಳಿದವರು ಬದುವಿನ ಮೇಲೆ ನಿಂತು ಸೀಟಿ ಊದುತ್ತಿದ್ದರೆ, ಇವರು ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ನಿವೃತ್ತಿಯ ಹತ್ತಿರದ ಆ ವಯಸ್ಸಿನಲ್ಲೂ ಒಳಗೆ ನುಗ್ಗುತ್ತಿದ್ದರು. ಠಾಣೆಗೆ ಬಂದು ಕೆನ್ನೆಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ, "ಗದ್ದೆಗೇನ್ ಗೊತ್ತು, ಯಾರ್ ಕಳ್ಳ ಯಾರ್ ಪೋಲೀಸು ಅಂತ. ಇಬ್ರುನ್ನೂ ಕುಯ್ತದೆ" ಎಂದು ನಗುತ್ತಿದ್ದರು.

ಹೆಡ್ ಕಾನ್‌ಸ್ಟೇಬಲ್ ಹುದ್ದೆಯಿಂದ ಬಡ್ತಿ ಸಿಕ್ಕಿ ಎಎಸ್‌ಐ ಆಗಿ ವರ್ಷಗಳಾಗಿದ್ದರೂ ನಮ್ಮ ಠಾಣೆಯ ಸುತ್ತಿನ ಹಳ್ಳಿಗಳಿಗೆ ಅವರು ದಫೇದಾರರೇ. ನಾನು ಆತಗೂರು ಹೋಬಳಿಯ ಹಳ್ಳಿಯವಳು. ಕಾನ್‌ಸ್ಟೇಬಲ್ ಆಗಿ ಮೊದಲ ದಿನ ಅವರ ಮೇಜಿನ ಮುಂದೆ ನಿಂತಾಗ, "ಬರಿಯಕ್ ಬತ್ತದಾ?" ಎಂದು ಕೇಳಿದರು.

"ಡಿಗ್ರಿ ಆಗಿದೆ ಸಾರ್."

"ಅದ್ ಕೇಳ್ನಿಲ್ಲ ಕಣವ್ವ. ಕಂಡುದ್ದ ಕಂಡಂಗೆ ಬರಿಯಕ್ ಬತ್ತದಾ ಅಂದೆ."

ಬರುತ್ತದೆ ಎಂದು ತಲೆಯಾಡಿಸಿದೆ. ಅದು ಎಷ್ಟು ಕಷ್ಟದ ಕೆಲಸ ಎಂದು ಆಗ ನನಗೆ ಗೊತ್ತಿರಲಿಲ್ಲ.

ಠಾಣೆಯ ಜೀಪಿಗೆ ಸರ್ಕಾರ ಕೊಡುತ್ತಿದ್ದ ಡೀಸೆಲ್ಲು ತಿಂಗಳ ಅರ್ಧಕ್ಕೇ ಮುಗಿಯುತ್ತಿತ್ತು. ಉಳಿದರ್ಧ ತಿಂಗಳು ಜೀಪು ಓಡುತ್ತಿದ್ದದ್ದು ಮಳವಳ್ಳಿ ರಸ್ತೆಯ ಒಬ್ಬ ಸಾಹುಕಾರನ ದಯೆಯಿಂದ. ಟೈರು ಅವನದು, ಠಾಣೆಯ ಮುಂದಿನ ಕ್ಯಾಮೆರಾ ಅವನದು. ರಸ್ತೆಗೆ ಅಡ್ಡ ಇಡುವ ಬ್ಯಾರಿಕೇಡುಗಳ ಮೇಲೆ 'ಪೊಲೀಸ್' ಎಂಬ ಅಕ್ಷರಕ್ಕಿಂತ ದಪ್ಪಗೆ ಅವನ ಹೆಸರು ಇತ್ತು. ಅದೇ ಸಾಹುಕಾರನ ತೆಂಗಿನ ತೋಟದ ಶೆಡ್ಡಿನಲ್ಲಿ ದಿನಾ ಊಟದ ಹೊತ್ತು ಕಳೆದ ಮೇಲೆ ಅಂದರ್ ಬಾಹರ್ ಇಸ್ಪೀಟು ಜೂಜು ನಡೆಯುತ್ತಿತ್ತು. ನಮ್ಮ ಜೀಪು ಠಾಣೆಯ ಗೇಟು ದಾಟುವಷ್ಟರಲ್ಲಿ ತೋಟಕ್ಕೆ ಫೋನು ಹೋಗಿರುತ್ತಿತ್ತು. ನಾವು ಹೋಗಿ ನೋಡಿದರೆ ಬರೀ ಚಾಪೆ.

ಒಂದು ದಿನ ದಫೇದಾರರು ಕಪ್ಪು ಬಣ್ಣದ ಡಬ್ಬ ತಂದು, ಹಾಡಹಗಲೇ ರಸ್ತೆ ಮಧ್ಯೆ ಕುಕ್ಕರಗಾಲಲ್ಲಿ ಕೂತು, ಬ್ಯಾರಿಕೇಡುಗಳ ಮೇಲಿನ ಆ ಹೆಸರಿಗೆ ಬಣ್ಣ ಬಳಿದುಬಿಟ್ಟರು. ಸಾಹುಕಾರನ ಕಡೆಯವನೊಬ್ಬ ಬೈಕು ನಿಲ್ಲಿಸಿ, "ಯಾಕ್ ದಫೇದಾರ್ರೆ, ಏನಾಯ್ತು?" ಎಂದ.

"ಪೋಲೀಸ್ ಅನ್ನೋದು ಸಣ್ಕೆ ಕಾಣ್ತಿತ್ತು ಕಣಪ್ಪ. ಅದ್ಕೆ" ಎಂದರು, ತಲೆ ಎತ್ತದೆ.

ಅದಾದ ವಾರಕ್ಕೆ ಅವರು ಬೆಳಿಗ್ಗೆಯೇ ಮದ್ದೂರಿನ ನ್ಯಾಯಾಲಯಕ್ಕೆ ಹೋಗಿ ದಾಳಿಗೆ ಅನುಮತಿ ತಂದರು. ನಾನು, ಇನ್ನಿಬ್ಬರು ಕಾನ್‌ಸ್ಟೇಬಲ್‌ಗಳು, ಸಾಕ್ಷಿಗೆಂದು ಇಬ್ಬರು ಪಂಚರು ಸಿದ್ಧರಾದೆವು. ಜೀಪಿನ ಡ್ರೈವರು ಕೀ ಹಿಡಿದು ನಿಂತಿದ್ದ. ದಫೇದಾರರು ಜೀಪಿನ ಪಕ್ಕದಲ್ಲೇ ನಡೆದು ಬಸ್ ನಿಲ್ದಾಣಕ್ಕೆ ಹೋದರು. "ಅಂವ ಆಕ್ಸಿದ್ ಎಣ್ಣೆ ಅಂವುನ್ ತೋಟುಕ್ಕೆ ಓಯ್ತದಾ? ಬನ್ರಪ್ಪ, ಸರ್ಕಾರಿ ಬಸ್ಸದೆ" ಎಂದರು. ನನ್ನದು ಹೆಂಗಸರ ಉಚಿತ ಟಿಕೆಟ್ಟು, ಉಳಿದವರದ್ದಕ್ಕೆ ಅವರೇ ದುಡ್ಡು ಕೊಟ್ಟರು.

ದಾರಿಯ ತಿರುವಿನಲ್ಲಿ ಜೀಪಿಗಾಗಿ ಕಣ್ಣಿಟ್ಟಿದ್ದ ಸಾಹುಕಾರನ ಕಾವಲಿನವನು ಬಸ್ಸನ್ನು ತಿರುಗಿಯೂ ನೋಡಲಿಲ್ಲ. ತೋಟದ ಮುಂದೆಯೇ ಇಳಿದು ಶೆಡ್ಡಿಗೆ ಹೋದೆವು. ಏಳು ಜನ ಇಸ್ಪೀಟು ಎಲೆ ಕೈಯಲ್ಲಿ ಹಿಡಿದೇ ಸಿಕ್ಕರು. ಏಳನೆಯವನು ನನ್ನ ಅಣ್ಣ.

ಅವರನ್ನೂ ಬಸ್ಸಿನಲ್ಲೇ ಕರೆತಂದೆವು. ದಫೇದಾರರು ಏಳು ಜನಕ್ಕೂ ಟಿಕೆಟ್ ಕೇಳಿದಾಗ ಕಂಡಕ್ಟರು ಬಾಯಿಬಿಟ್ಟು ನೋಡಿದ. ಮುಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬಳು ತನ್ನ ಚೀಲ ತೆಗೆದು ಜಾಗ ಮಾಡಿಕೊಟ್ಟಳು. "ಕುಂತ್ಕಳಿ ದಫೇದಾರ್ರೆ. ಆ ಮಾನಗೆಟ್ಟೋರು ನಿಂತ್ಕಂಡ್ ಬರ್ಲಿ." ಬಸ್ಸಿಗೆ ಬಸ್ಸೇ ನಕ್ಕಿತು. ಅಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ, "ನನ್ನೊಬ್ಬುನ್ನ ಬುಟ್ಬುಡಕ್ಕೇಳೇ" ಎಂದ. ನಾನು ಕಿಟಕಿಯ ಕಡೆ ನೋಡುತ್ತಾ ನಿಂತೆ.

ಠಾಣೆಯಲ್ಲಿ ಆರು ಹೆಸರು ಬರೆದೆ. ಪೆನ್ನು ಅಲ್ಲಿಗೆ ನಿಂತಿತು.

"ಏಳ್ನೇದು?" ಎಂದರು ದಫೇದಾರರು.

"ನಮ್ಮಣ್ಣ ಸಾರ್."

"ಗೊತ್ತು. ಆಗ್ದಿದ್ರೆ ಪೆನ್ನು ಕೊಡು, ನಾನ್ ಬರ್ಕತೀನಿ. ಆದ್ರೆ ನಾಳಿಂದ ಇನ್ನೊಬ್ರ್ ಎಸ್ರು ಬರಿವಾಗ ನಿನ್ ಕೈ ನಡುಗ್ತದೆ, ನೋಡ್ಕ."

ಬರೆದೆ. ಮಾರನೆಯ ದಿನ ಅವರೇ ನಮ್ಮ ಹಳ್ಳಿಗೆ ಬಂದರು. ಅವ್ವ ಜಗಲಿಯ ಮೇಲೆ ಅಳುತ್ತಾ ಕೂತಿದ್ದಳು. "ಬರ್ದೋಳು ಇವುಳಲ್ಲ ಕಣವ್ವ, ಬರ್ಸುದೋನು ನಾನು. ಬಯ್ಯದಾದ್ರೆ ನನ್ ಬಯ್ಯಿ" ಎಂದು ಅಂಗಳದಲ್ಲಿ ನಿಂತರು. ಅವ್ವ ಬಿಡಲಿಲ್ಲ, ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಅವಳಿಗೆ ಸುಸ್ತಾಗುವವರೆಗೂ ಬಿಸಿಲಲ್ಲಿ ನಿಂತು ಕೇಳಿ, ಕೈ ಮುಗಿದು ಹೋದರು. ಅಣ್ಣ ನನ್ನ ಜೊತೆ ಇವತ್ತಿಗೂ ಮಾತಾಡಿಲ್ಲ. ಆದರೆ ಆ ತೋಟಕ್ಕೆ ಮತ್ತೆ ಹೋಗಲೂ ಇಲ್ಲ. ಅತ್ತಿಗೆ ಮಾತ್ರ ಯಾರಿಗೂ ಹೇಳದೆ, ಆಗಾಗ ಮಂಡ್ಯದ ಗುತ್ತಲು ಬಡಾವಣೆಯ ನನ್ನ ಬಾಡಿಗೆ ಮನೆಗೆ ಬಂದು ಹೋಗುತ್ತಾಳೆ.

ಇತ್ತ ಠಾಣೆಯಲ್ಲಿ ನಮ್ಮ ಎಸ್‌ಐ ಸಾಹೇಬರು ಕೆಂಡವಾದರು. "ಜೀಪ್ ಇಟ್ಕೊಂಡು ಆರೋಪಿಗಳನ್ನ ಬಸ್ಸಲ್ಲಿ ತಂದಿದೀರಲ್ರೀ, ಇಲಾಖೆ ಮಾನ ಏನಾಯ್ತು?"

"ಬೇರೆಯೋರ್ ಕೈಲಿ ಎಣ್ಣೆ ಆಕ್ಸ್ಕಂಡ್ ದಿನ್ವೇ ಓಯ್ತು ಸಾರ್" ಎಂದರು ದಫೇದಾರರು.

ಆ ಸಂಜೆ ನನ್ನನ್ನು ಕೂರಿಸಿ ಮೇಲಿನವರಿಗೆ ಪತ್ರ ಬರೆಸಿದರು. ಜೂಜು ತಡೆಯಲು ಸರ್ಕಾರ ಕಾನೂನು ಕೊಟ್ಟಿದೆ, ಜೂಜಿನ ಜಾಗಕ್ಕೆ ಹೋಗಲು ಎಣ್ಣೆ ಕೊಟ್ಟಿಲ್ಲ, ಎಣ್ಣೆ ಕೊಡುವವನೇ ಜೂಜಾಡಿಸುವವನಾದ್ದರಿಂದ ಬಸ್ಸಿನಲ್ಲಿ ಹೋಗಿರುತ್ತೇವೆ, ಟಿಕೆಟುಗಳನ್ನು ಲಗತ್ತಿಸಿದೆ. ಇಷ್ಟೇ ಪತ್ರ. ಅದು ಆಕ್ಷೇಪಣೆಯೊಂದಿಗೆ ವಾಪಸು ಬಂತು. ಇವರು ಮತ್ತೆ ಕಳಿಸಿದರು. ಮತ್ತೆ ವಾಪಸು ಬಂತು. ಮೂರನೆಯ ಸಲ ಪತ್ರದ ಬದಲು ಅವರ ವರ್ಗಾವಣೆಯ ಆದೇಶವೇ ಬಂತು: ಬ್ಲಫ್ ಎಂಬ ಊರಿಗೆ, ಅಲ್ಲಿನ ವಿದ್ಯುತ್ ಕೇಂದ್ರದ ಬಂದೋಬಸ್ತಿಗೆ. "ಇನ್ಮೇಲೆ ಎಣ್ಣೆ ಕೇಳಂಗಿಲ್ಲ, ಕರೆಂಟ್ ತಾವ್ಕೇ ಆಕವ್ರೆ" ಎಂದು ನಕ್ಕು, ಟ್ರಂಕು ಎತ್ತಿಕೊಂಡು ಹೋದರು. ಅಲ್ಲಿಂದಲೂ ಪ್ರತಿ ತಿಂಗಳು ಅದೇ ಪತ್ರವನ್ನು ಕೈಯಾರೆ ನಕಲು ಮಾಡಿ ಕಳಿಸುತ್ತಲೇ ಇದ್ದರು.

ಕೊನೆಗೆ ಬೆಂಗಳೂರಿನಿಂದ ತಪಾಸಣೆಗೆ ಬಂದ ಮಹಿಳಾ ಅಧಿಕಾರಿಯೊಬ್ಬರ ಕಣ್ಣಿಗೆ ಆ ಕಡತ ಬಿತ್ತು. ಬಸ್ ಟಿಕೆಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಅವರು ಒಂದೊಂದನ್ನೇ ಎಣಿಸಿ, ಕಡತವನ್ನು ತಮ್ಮ ಜೊತೆಗೇ ಒಯ್ದರಂತೆ. ಮುಂದಿನ ವರ್ಷ ರಾಜ್ಯ ಸರ್ಕಾರದಿಂದ ಅನುದಾನ ಬಂತು: ಜೂಜಿನ ದಾಳಿಗೆಂದೇ ಠಾಣೆಗೊಂದು ವಾಹನ, ಡೀಸೆಲ್ಲು, ದಾಳಿಯನ್ನು ಚಿತ್ರೀಕರಿಸಲು ಕ್ಯಾಮೆರಾ. ಸಾಹುಕಾರನ ಶೆಡ್ಡಿಗೆ ಬೀಗ ಬಿತ್ತು. ದಫೇದಾರರಿಗೆ ಫೋನು ಮಾಡಿ ಹೇಳಿದೆ. "ಬಂದುದ್ ದೊಡ್ದಲ್ಲ ಮಗ. ಅದು ಎಲ್ಲಿಗೋಯ್ತದೆ ನೋಡ್ಕಂಡಿರು" ಎಂದರು.

ಅವರು ನಿವೃತ್ತರಾದ ಎರಡನೆಯ ವರ್ಷ ಶ್ವಾಸಕೋಶದ ಕಾಯಿಲೆಯಿಂದ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಲಾಖೆಯಿಂದ ಒಂದು ಹಾರ ಬಂದಿತ್ತು. ಅವರ ಹೆಂಡತಿ ಅದನ್ನು ಬಾಗಿಲಲ್ಲೇ ತಡೆದು, "ಅವ್ರಿದ್ದಾಗ ಬರ್ಬೇಕಿತ್ತು, ತಕಂಡೋಗಿ" ಎಂದರು.

ಈಗ ನಾನು ಅದೇ ಠಾಣೆಯ ರೈಟರ್. ಆ ಅನುದಾನದ ವಾಹನ ಎಲ್ಲಿಗೆ, ಯಾಕೆ ಹೋಯಿತು ಎಂದು ಬರೆಯುವ ಪುಸ್ತಕ ನನ್ನ ಸುಪರ್ದಿನಲ್ಲಿದೆ. ಮೊನ್ನೆ ಆ ವಾಹನ ಹೊಸ ಸಾಹೇಬರ ನೆಂಟರನ್ನು ಕೂರಿಸಿಕೊಂಡು ಮೈಸೂರಿಗೆ ಹೋಗಿ ಬಂತು. ನಾನು 'ಮೈಸೂರು, ಮದುವೆ' ಎಂದು ಬರೆದೆ. ಸಾಹೇಬರು ಪುಸ್ತಕದ ಸಮೇತ ಕರೆಸಿದರು.

"ದಾಳಿ ಅಂತ ತಿದ್ದಿ."

"ದಾಳಿ ಆಗಿಲ್ಲ ಸಾರ್."

"ಹಾಗಾದ್ರೆ ಆ ಹಾಳೆ ಹರಿದುಹಾಕಿ."

"ಪುಟಕ್ಕೆ ನಂಬರಿದೆ ಸಾರ್. ಹರಿದರೆ ಅದನ್ನೂ ಬರೀಬೇಕಾಗುತ್ತೆ."

"ನಿಮಗೆ ಈ ಠಾಣೆ ಸಾಕಾಗಿದೆ ಅಂತ ಕಾಣುತ್ತೆ."

"ಎಲ್ಲಿಗೆ ಬೇಕಾದರೂ ಹಾಕಿ ಸಾರ್" ಎಂದು ಸಲ್ಯೂಟ್ ಹೊಡೆದು ಹೊರಗೆ ಬಂದೆ. ಪುಸ್ತಕ ಕಂಕುಳಲ್ಲಿ ಭದ್ರವಾಗಿತ್ತು.