ಮೀಟಿಯರ್ ರೈಟ್

ಜಕ್ಕೂರು ಕೆರೆ ಏರಿಯ ಮೇಲೆ, ಎರಡನೇ ಕಲ್ಲುಬೆಂಚಿನಿಂದ ನಾಲ್ಕು ಹೆಜ್ಜೆ ಮುಂದೆ, ನೀರಿಗೆ ಮುಖ ಮಾಡಿ ನಿಂತಿದ್ದೆ; ಕೆರೆಯಲ್ಲಿ ಮೀನುಗಾರನೊಬ್ಬ ಬಲೆ ಎಳೆಯುತ್ತಿದ್ದ. ಹೋದ ಚಳಿಗಾಲದ ಒಂದು ಗುರುವಾರ, ಬೆಳಗಿನ ಐದೂ ಇಪ್ಪತ್ತು. ಹಸಿರು ಬೆಳಕೊಂದು ನೆತ್ತಿಯ ಮೇಲಿಂದ ಹೊರಟು ಆಚೆ ದಡದ ಮರಗಳ ಮೇಲೆ ಆರಿಹೋಯಿತು. ಮೂರು ಎಣಿಸುವಷ್ಟು ಹೊತ್ತು. ಸದ್ದಿರಲಿಲ್ಲ. ಬೆಂಚಿಗೆ ವಾಪಸು ಬಂದು ಕೂತೆ.

ಜೊತೆಗಿದ್ದವರು ಹನ್ನೊಂದು ವರ್ಷದಿಂದ ನನ್ನೊಡನೆ ವಾಕಿಂಗ್ ಬರುವ ಗೆಳೆಯರೊಬ್ಬರು. ತಮ್ಮ ರಾಗಿ ಹೊಲದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಿರುವ ಹಳೇ ಊರಿನವರು. "ಏನ್ ಸ್ವಾಮಿ ಅದು, ಇಂಗೆ ಬಂದು ಅಂಗೆ ಓಯ್ತು?" ಎಂದರು.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ತಾರಸಿಯಲ್ಲಿ ಒಂದು ಕರೀ ಕಲ್ಲು ಸಿಕ್ಕಿತ್ತು. ಆ ಬೆಳಕೇ ಇದಾ ಎಂದು ಕೇಳಿದರು. ನಿಧಾನವಾಗಿ ಹೇಳಿದೆ: "ನಾವು ನೋಡಿದ ಬೆಳಕು ಮೀಟಿಯರ್. ಪೂರ್ತಿ ಉರಿದುಹೋಗದೆ ಏನಾದರೂ ನೆಲಕ್ಕೆ ಬಿದ್ದರೆ, ಆ ಕಲ್ಲು ಮೀಟಿಯರೈಟ್." ನಾವು ಎರಡಕ್ಕೂ ಉಲ್ಕೆ ಅಂದುಬಿಡುತ್ತೇವೆ, ಅದಕ್ಕೇ ಇಂಗ್ಲಿಷ್ ಬಳಸಿದ್ದು. ಅವರ ಕಿವಿಗೆ ಬಿದ್ದದ್ದು, "ಆ ಕಲ್ಲು ಮೀಟಿಯರ್, ರೈಟ್!" ಬಸ್ ಕಂಡಕ್ಟರು ಹೇಳುವ ರೈಟ್.

ಮುಂದಿನ ಶುಕ್ರವಾರ ಕರೆದರೆಂದು ಅವರ ಅಪಾರ್ಟ್‌ಮೆಂಟಿಗೆ ಹೋದೆ. ಗೇಟಿನ ಬಳಿ ಹೊಸ ಕಟ್ಟೆ, ಕಲ್ಲಿಗೆ ಕುಂಕುಮ, ಸುತ್ತ ಬಾಡಿಗೆದಾರರು. "ಬಿದ್ದಿದ್ದನ್ನ ಕಣ್ಣಾರೆ ಕಂಡೋರು ಬಂದ್ರು, ಕೇಳ್ರಪ್ಪ!" ಎಂದು ಗೆಳೆಯರು ನನ್ನನ್ನು ಮುಂದೆ ತಳ್ಳಿದರು.

ಹೂಂ ಅಂದರೆ ಸುಳ್ಳು. ಇಲ್ಲ ಅಂದರೆ ಅಷ್ಟು ಜನರ ಮುಂದೆ ಅವರ ಮರ್ಯಾದೆ ಹೋಗುತ್ತದೆ, ಹನ್ನೊಂದು ವರ್ಷದ ಸ್ನೇಹವೂ ಹೋಗಬಹುದು.

"ನಾನು ಕಂಡದ್ದು ಬೆಳಕು. ಕಲ್ಲು ಬಿದ್ದದ್ದನ್ನು ಕಂಡಿಲ್ಲ."

ಅವರ ಮುಖ ಸಣ್ಣದಾಯಿತು. "ಫೋನಲ್ಲಿ ರೈಟ್ ಅಂದ್ರಲ್ಲ ಸ್ವಾಮಿ?"

"ಮೀಟಿಯರೈಟ್ ಅಂದೆ. ಅದು ಒಂದೇ ಪದ ಕಣ್ರೀ."

ಕುರ್ಚಿಯಲ್ಲಿದ್ದ ಅವರ ತಾಯಿ ಆಗ ಬಗ್ಗಿ ಕಲ್ಲನ್ನು ನೋಡಿದರು. "ಅಯ್ಯೋ, ಟ್ಯಾಂಕ್ ಮುಚ್ಚಳ ಆರೋಗ್ದಂಗೆ ನಾನಿಕ್ಕಿದ್ದ ಕಲ್ಲು ಕಣ್ಲಾ ಇದು! ಎಲ್ಲೋಯ್ತು ಅಂತ ಉಡುಕ್ತಾ ಇವ್ನಿ."

ಮೊದಲು ನಕ್ಕವರು ಗೆಳೆಯರೇ. "ಅಂಗಾದ್ರೆ ಮೀಟಿಯರು ರೈಟು, ಕಲ್ಲು ರಾಂಗು!" ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಪ್ರಸಾದಕ್ಕೆಂದು ಮಾಡಿಸಿದ್ದ ಪುಳಿಯೋಗರೆ ವ್ಯರ್ಥವಾಗಲಿಲ್ಲ. ಕಲ್ಲು ಕುಂಕುಮದ ಸಮೇತ ಟ್ಯಾಂಕಿನ ಮೇಲೆ ಹೋಯಿತು.

ಆ ಬೆಳಕನ್ನು ನನ್ನ ಜೊತೆ ಕಂಡವರು ಇಬ್ಬರು: ಈ ಗೆಳೆಯರು, ಮತ್ತು ಆಗ ಹರಿಗೋಲಿನಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರ. ಇಬ್ಬರೂ ಇದ್ದಾರೆ, ಬೇಕಿದ್ದರೆ ಕೇಳಬಹುದು. ಕಲ್ಲು ತಾರಸಿಗೆ ಬಂದದ್ದಕ್ಕೆ ಸಾಕ್ಷಿ ತಾಯಿ ಒಬ್ಬರೇ, ಅವರೂ ಗಟ್ಟಿಯಾಗಿದ್ದಾರೆ.