ಬಾವಿಯೊಳಗಿನ ‘ಕಾಯಿ’

ಅದು ೧೯೮೩. ಮೈಸೂರಿನವನಾದ ನಾನು ಹುಮನಾಬಾದಿನ ಕಾಲೇಜೊಂದಕ್ಕೆ ಸಸ್ಯಶಾಸ್ತ್ರದ ಮೇಷ್ಟ್ರಾಗಿ ಬಂದು ತಿಂಗಳೂ ಆಗಿರಲಿಲ್ಲ. ಬಂದವನೇ ತಲೆಯೊಳಗೊಂದು ಹುಳ ಬಿಟ್ಟುಕೊಂಡೆ. ಅದರ ಹೆಸರು ರೋಪಲೋಡಿಯ. ನೀರಿನ ಕಲ್ಲಿಗೆ ಕಂದು ಲೋಳೆಯಾಗಿ ಅಂಟಿಕೊಳ್ಳುವ, ಬರಿಗಣ್ಣಿಗೆ ಕಾಣದ ಡಯಾಟಮ್ ಪಾಚಿ ಅದು. ಅದರ ಒಡಲೊಳಗೆ ಇನ್ನೊಂದು ಜೀವಿ ಬಿಡಾರ ಹೂಡಿ, ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿ ಮನೆಯೊಡೆಯನಿಗೆ ಉಣಿಸುತ್ತದೆ ಎಂದು ಆಗಷ್ಟೇ ಓದಿದ್ದೆ. ಹುಡುಗರಿಗೆ ತೋರಿಸಲೇಬೇಕೆಂಬ ಹಟ.

ಬಸವಕಲ್ಯಾಣದಾಚೆ, ಹುಲಸೂರಿನ ದಾರಿಯ ಹೊಲವೊಂದರಲ್ಲಿ ಮೆಟ್ಟಿಲುಬಾವಿ ಇದೆಯೆಂದು ಯಾರೋ ಹೇಳಿದರು. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹೋದೆ. ಹೊಲದ ಯಜಮಾನರು ಖಾಸಿಂ ಸಾಬರು, ಬಿಳಿ ರುಮಾಲಿನ ಮುದುಕರು, ಎತ್ತಿನ ಮೈ ತೊಳೆಯುತ್ತಿದ್ದರು. “ಇಳೀರಿ, ಅದರಾಗ ಏನದ” ಎಂದರು. ನಾನು ಶೀಸೆ ಹಿಡಿದು ಇಳಿದೆ.

ನೀರು ಇನ್ನೆರಡು ಮೆಟ್ಟಿಲು ಇದೆ ಎನ್ನುವಾಗ ಮೇಲಿಂದ ಕೂಗು ಬಂತು. “ಸರ್, ಕಾಯಿ ಅದರಿ! ಕಾಯಿ!”

ಮೈಸೂರಿನ ಕಿವಿಗೆ ಕಾಯಿ ಎಂದರೆ ತೆಂಗಿನಕಾಯಿ. ಯಾರೋ ಗಂಗೆಪೂಜೆಗೆ ತಂದದ್ದು ಉರುಳಿ ಬಿದ್ದಿರಬೇಕು, ಎತ್ತಿಕೊಡು ಅನ್ನುತ್ತಿದ್ದಾರೆ ಎಂದುಕೊಂಡೆ.

“ಇರಿ ಸಾಬರೇ, ಎತ್ತಿಕೊಡ್ತೀನಿ” ಎಂದು ಬಾಗಿ ಹುಡುಕುತ್ತಾ ಇನ್ನೊಂದು ಮೆಟ್ಟಿಲು ಇಳಿದೆ.

“ಅರೇ, ಕಾಯಿ ಅದ ಅಂತೀನಿ!”

ಕಾಲು ಸರ್ರನೆ ಹೋಯಿತು. ನನಗೆ ಈಜು ಬರುತ್ತಿರಲಿಲ್ಲ. ಮೂಗು ಬಾಯಿಗೆಲ್ಲ ನೀರು ನುಗ್ಗಿತು. ಕಲ್ಲು ಹಿಡಿದರೆ ಕೈ ಜಾರುತ್ತಿತ್ತು. ಸತ್ತೆ ಎಂದುಕೊಂಡೆ. ಅಷ್ಟರಲ್ಲಿ ಉದ್ದನೆಯ ಬಿಳಿ ಬಟ್ಟೆಯೊಂದು ಮುಖಕ್ಕೆ ಬಂದು ಬಡಿಯಿತು.

“ರುಮಾಲ ಹಿಡೀರಿ! ಬಿಡಬ್ಯಾಡ್ರಿ!”

ಮೇಲೆ ಬಂದು ಕೂತವನಿಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. “ಕಾಯಿ ಕಾಯಿ ಅಂತ ಕರೆದು ನನ್ನನ್ನೇ ಮುಗಿಸ್ತಿದ್ರಲ್ಲ!” ಎಂದು ಕೂಗಾಡಿಬಿಟ್ಟೆ.

ಮುದುಕರು ಕಕ್ಕಾಬಿಕ್ಕಿಯಾದರು. ಆಮೇಲೆ ನನ್ನ ಪ್ಯಾಂಟಿಗೆ ಮೆತ್ತಿದ್ದ ಕಂದು ಲೋಳೆಯನ್ನು ಬೆರಳಲ್ಲಿ ಬಳಿದು ನನ್ನ ಮುಖದ ಮುಂದೆ ಹಿಡಿದರು. “ಕಾಯಿ ಅಂದ್ರ ಇದರಿ. ಕಾಲ್ ಜಾರತಾವ ಅಂತ ಒದರಾಕತ್ತಿದ್ದೆ. ನಿಮ್ ಕಡಿ ಇದಕ್ಕ ಏನಂತಾರ?”

ಪಾಚಿಗೆ ಉರ್ದುವಿನಲ್ಲಿ ಹಾಗೆನ್ನುತ್ತಾರಂತೆ. ಬಾವಿಗೆ ಬಿದ್ದಾಗ ಆಗದ ಆಘಾತ ನನಗೆ ಆಗ ಆಯಿತು. ನಾನು ಹುಡುಕಿಕೊಂಡು ಬಂದದ್ದೇ ಅದನ್ನು. ಅದರ ಲ್ಯಾಟಿನ್ ಹೆಸರು ಗೊತ್ತಿದ್ದ ನನಗೆ ಊರವರು ಅದನ್ನು ಕರೆಯುವ ಹೆಸರು ಗೊತ್ತಿರಲಿಲ್ಲ. ನಾಚಿಕೆಯಿಂದ ಅವರ ಕೈ ಹಿಡಿದುಕೊಂಡೆ.

ಶೀಸೆ ಬಾವಿಯ ಪಾಲಾಗಿತ್ತು. ಪ್ಯಾಂಟಿನ ಲೋಳೆಯನ್ನೇ ಮರುದಿನ ಸೂಕ್ಷ್ಮದರ್ಶಕದಡಿ ಇಟ್ಟೆ. ಬಿಲ್ಲಿನಂತೆ ಬಾಗಿದ ರೋಪಲೋಡಿಯ, ಒಳಗೆ ಬಣ್ಣವಿಲ್ಲದ ಪುಟ್ಟ ಗುಂಡುಗಳು, ಅದೇ ಆ ಬಿಡಾರದವರು! “ಎಲ್ಲಿ ಸಿಕ್ತರಿ ಸರ್?” ಎಂದು ಹುಡುಗರು ಕೇಳಿದರು. “ಪ್ಯಾಂಟಿನಲ್ಲಿ” ಎಂದೆ. ಎಲ್ಲರೂ ನಕ್ಕರು.

ಈಗ ಮೈಸೂರಿನ ಮನೆಯ ಹಿತ್ತಿಲಲ್ಲಿ, ಒದ್ದೆ ಕಲ್ಲಿನ ಮೇಲೆ ಮೊಮ್ಮಗಳು ಓಡಿದರೆ ನನ್ನ ಬಾಯಿಂದ ಬರುವ ಕೂಗು “ಕಾಯಿ! ಕಾಯಿ!” ಎಂದೇ. ಅವಳು ತಲೆಯೆತ್ತಿ ತೆಂಗಿನ ಮರ ನೋಡುತ್ತಾಳೆ, ಕಾಲು ಮಾತ್ರ ಓಡುತ್ತಲೇ ಇರುತ್ತದೆ. “ಪಾಚಿ, ಮಗಳೇ, ಪಾಚಿ!” ಎಂದು ಚೀರುತ್ತೇನೆ.