ತಂಗೆವ್ವನ ಸಿಟ್ಟು

ಹೆಣ್ಣುವೇಷದ ಗಿರಮಲ್ಲಪ್ಪನೆಂದರೆ ತುಬಚಿ ಊರಿನ ಆಚೆಗೂ ಹೆಸರಿತ್ತು. ಹಗಲು ಕುರಿ ಕಾಯುವ ಮನುಷ್ಯ, ಮೀಸೆ ಬೋಳಿಸಿ ಸೀರೆ ಉಟ್ಟು ರಂಗಕ್ಕೆ ಬಂದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಟದ ಕತೆ ಇಷ್ಟೇ: ಸಂಶಯದ ಗಂಡ ಬಳೆಗಾರನ ವೇಷದಲ್ಲಿ ಹೆಂಡತಿಯನ್ನು ಪರೀಕ್ಷಿಸಲು ಬರುತ್ತಾನೆ, ಅವಳು ಹೊಸ್ತಿಲಲ್ಲೇ ಗುರುತು ಹಿಡಿದು, ಏನೂ ತಿಳಿಯದವಳಂತೆ ಅವನ ನೀರಿಳಿಸುತ್ತಾಳೆ.

ಆ ಆಟವನ್ನು ಅವನ ಹೆಂಡತಿ ತಂಗೆವ್ವ ಒಮ್ಮೆಯೂ ನೋಡಿರಲಿಲ್ಲ. "ನೀ ಎದುರಿಗೆ ಕುಂತ್ರ ನನ್ನ ಮೈಮ್ಯಾಲೆ ಸೀರಿ ನಿಲ್ಲಂಗಿಲ್ಲ" ಎಂದು ಅವನೇ ತಡೆದಿದ್ದ.

ಈಗ ಅವನ ಮೊಣಕಾಲು ಸೋತಿವೆ. ಜಮಖಂಡಿಯ ಬ್ಯಾಂಕಿನಲ್ಲಿರುವ ತಮ್ಮನ ಮಗಳು ಮಾಯಾ ಅದೇ ಆಟವನ್ನು ಈ ಕಾಲಕ್ಕೆ ತಿರುಗಿಸಿ ಬರೆದಳು. ಬಳೆಗಾರನ ವೇಷ ಹೋಯಿತು; ಈಗ ಗಂಡ ಹೊರಗಿನ ಕೋಣೆಯಲ್ಲಿ ಕೂತು, ಸುಳ್ಳು ಹೆಸರಿನಲ್ಲಿ ಹೆಂಡತಿಯ ಮೊಬೈಲಿಗೆ ಮೆಸೇಜು ಕಳಿಸುತ್ತಾನೆ. ಹೆಂಡತಿಯ ಪಾತ್ರ ಮಾಯಾಳದೇ.

"ದೊಡ್ಡಪ್ಪಾ, ನನಗ ಸಿಟ್ಟ ಮಾಡಾಕ ಬರವಲ್ದು. ಬರೇ ಒದರಿದಂಗ ಆಗ್ತೈತಿ."

"ಒದರಬ್ಯಾಡ. ಮದಲ ಸೆರಗ ಸಿಗಸು. ಕೊಡಾ ಬೋರಲ ಹಾಕು. ಗಂಡನ್ನ ನೋಡಬ್ಯಾಡ, ಆಡಿನ ಕೂಡ ಮಾತಾಡು."

ಆ ಸಿಟ್ಟು ಗಿರಮಲ್ಲಪ್ಪನದಲ್ಲ, ತಂಗೆವ್ವನದು. ಗಂಡನಿಗೆ ಎದುರು ಮಾತಾಡದ ಅವಳು ಅಂಗಳದ ಆಡಿಗೆ ಹೇಳುವಂತೆ ಅವನನ್ನು ಬೈಯುತ್ತಿದ್ದಳು. ಅವನು ಕೇಳಿಸಿಕೊಂಡು ಹೋಗಿ ಆಟದಲ್ಲಿ ಹಾಗೆಯೇ ಇಳಿಸುತ್ತಿದ್ದ. ಕದ್ದೆನೆಂದು ಎಂದೂ ಅನಿಸಿರಲಿಲ್ಲ.

ಹೆಂಗಸೇ ಹೆಂಗಸಿನ ಪಾತ್ರ ಮಾಡುವಾಗ ಇನ್ನೇನು ನಾಚಿಕೆ? ತಾನು ಕಲಿಸಿದ ಆಟ ನೋಡಿ ತಂಗೆವ್ವ ಈಗಲಾದರೂ ನಗಲಿ, ಭಲೇ ಅನ್ನಲಿ. ಅವನಿಗೆ ಬೇಕಾದದ್ದು ಅಷ್ಟೇ. ಆಟದ ದಿನ ಅವಳನ್ನು ಜಮಖಂಡಿಗೆ ಕರೆದೊಯ್ದು ಮುಂದಿನ ಕುರ್ಚಿಯಲ್ಲೇ ಕೂಡಿಸಿದ.

ಮಾಯಾ ಸೆರಗು ಸಿಕ್ಕಿಸಿದಳು, ಕುಕ್ಕರನ್ನು ಧಡಕ್ಕನೆ ಬೋರಲು ಹಾಕಿದಳು. ಆಡಿಲ್ಲದ ಅಡುಗೆಮನೆ, ಮಿಕ್ಸರಿಗೇ ಹೇಳಿದಳು: "ಕೇಳಿದೇನ ಬೇ ಮಿಕ್ಸರವ್ವಾ, ನಮ್ಮ ಧಣೇರು ದಾರಿ ತಪ್ಪಿ ಊರೆಲ್ಲಾ ತಿರಗತಾರ, ಅವರ ಹೊಟ್ಟಿ ಮಾತ್ರ ಹೊತ್ತಿಗೆ ಸರಿಯಾಗಿ ಮನಿಗೆ ಬರ್ತೈತಿ!"

ಸಭೆ ಹೋ ಎಂದಿತು. ಪಕ್ಕದ ಹೆಂಗಸು ನಗುತ್ತ ತಂಗೆವ್ವನ ತೊಡೆ ತಟ್ಟಿ, "ಎಂಥಾ ಗಯ್ಯಾಳಿ ನೋಡ್ರಿ!" ಎಂದಳು. ತಂಗೆವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಬಸ್ಸಿನಲ್ಲಿ ಅವಳೇ ಕೇಳಿದಳು. "ನೀವ್ ಮಾಡೂಮುಂದೂ ಹಿಂಗ ಇತ್ತೇನ್ರಿ?"

"ಹೂಂ. ಜನಾ ಅದಕ್ಕ ಬರ್ತಿದ್ರು."

"ನಮ್ಮ ಕೂಸಿಗೆ ಜ್ವರಾ ಏರಿದಾಗ ನೀವು ಆಟಕ್ಕ ಹೋಗಿದ್ರಿ. ಅದನ್ನ ಮಣ್ಣ ಮಾಡಿದ ಮ್ಯಾಲೆ ಬಂದ್ರಿ. ಅವತ್ತ ಆಡಿನ ಮುಂದ ಒದರಿದ್ನಲ್ಲಾ, ಅದನ್ನೂ ಆಡೀರೇನು?"

ಆಡಿದ್ದ. ನಗು ಹೆಚ್ಚು ಬರುತ್ತಿದ್ದದ್ದೇ ಅದಕ್ಕೆ. ಅವನು ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರು ನೋಡುತ್ತ ಕೂತ.

ಆಮೇಲೆ ತಂಗೆವ್ವ ಆಡಿಗೆ ಹೇಳಿ ಬೈಯುವುದನ್ನೂ ಬಿಟ್ಟಳು. ಅವನು ಹೇಳಿದ ಮೇಲೆ ಮಾಯಾ ಆ ಸಿಟ್ಟಿನ ಭಾಗವನ್ನು ಆಟದಿಂದ ತೆಗೆದಳು. ಆದರೂ ಅಂಗಳದಲ್ಲಿ ಬೈಗುಳ ಕೇಳಲಿಲ್ಲ. ಒಮ್ಮೆ ಬೇಕೆಂದೇ ತಡಮಾಡಿ ಊಟಕ್ಕೆ ಬಂದ. ಅವಳು ಸುಮ್ಮನೆ ರೊಟ್ಟಿ ಬಡಿಸಿದಳು.

"ಏನರ ಬೈಯ್ ಬೇ."

"ಬೈದ್ರ ನಾಳೆ ಮುಧೋಳದ ಆಟದಾಗ ಮಂದಿ ನಗ್ತಾರ."

ಇನ್ನು ಯಾರೂ ನಗುವುದಿಲ್ಲವೆಂದು ಆಣೆ ಮಾಡಲು ಗಿರಮಲ್ಲಪ್ಪ ಬಾಯಿ ತೆರೆದ. ಆದರೆ ಹಾಗನ್ನುವಾಗ ಅವಳ ಕತ್ತು ಎಷ್ಟು ವಾಲಿತು, ದನಿ ಎಲ್ಲಿ ಇಳಿಯಿತು ಎಂಬುದನ್ನು ಅವನ ಕಣ್ಣು ಕಿವಿಗಳು ಆಗಲೇ ಆಟಕ್ಕೆಂದು ಹಿಡಿದಿಟ್ಟುಕೊಂಡಿದ್ದವು. ತಲೆ ತಗ್ಗಿಸಿ ರೊಟ್ಟಿ ಮುರಿದ.